ಕಡಲ ತಳದ ವೀಕ್ಷಣಾಲಯಕ್ಕೆ ಬಜೆಟ್: ಬಿಟ್ಟಿ ದತ್ತಾಂಶವೇ, ಕೇಬಲಿಗೆ ನಮ್ಮ ಉಪಕರಣವೇ, ನಮ್ಮ ಕಡಲಿಗೆ ನಮ್ಮದೇ ಲಾಗರೇ?

ಪ್ರಾಜೆಕ್ಟ್ ಬರೆಯಲು ಕೂತರೆ ನಮ್ಮ ಕಾಲೇಜುಗಳಲ್ಲಿ ಮೊದಲು ತುಂಬುವುದು ಉಪಕರಣದ ಕಾಲಂ. ಕೊಟೇಶನ್ ತರಿಸಿ, ಒಬ್ಬ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಸೇರಿಸಿ, ಉಳಿದದ್ದನ್ನು ಪ್ರಯಾಣಕ್ಕೂ ಕಂಟಿಂಜೆನ್ಸಿಗೂ ಹಂಚಿದರೆ ಬಜೆಟ್ ಆಯಿತು. ಲ್ಯಾಬಿನೊಳಗಿನ ಕೆಲಸಕ್ಕೆ ಇದು ನಡೆಯುತ್ತದೆ. ಹಲವರು ಹಂಚಿಕೊಂಡು ಬಳಸುವ ಸಮುದ್ರತಳದ ವೀಕ್ಷಣಾಲಯಕ್ಕೆ ಇದೇ ಲೆಕ್ಕ ಹಾಕಿದರೆ ಮೊದಲ ವರ್ಷವೇ ಎಡವುತ್ತೀರಿ. ಅಲ್ಲಿ ಉಪಕರಣದ ಬೆಲೆ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಯಾವ ಕಂಪನಿಯ ಕೊಟೇಶನ್ನಿನಲ್ಲೂ ಇರುವುದಿಲ್ಲ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡಿನ ಸರಕಾರಿ ಕಾಲೇಜು, ಗಡಿಯಾಚೆ ಮಂಗಳೂರಿನ ಮೀನುಗಾರಿಕಾ ಕಾಲೇಜು, ಹೀಗೆ ಈ ಸುತ್ತಿನಲ್ಲಿ ಕಡಲಿನ ಮೇಲೆ ಕೆಲಸ ಮಾಡಬೇಕೆಂದಿರುವ ಅಧ್ಯಾಪಕರಿಗೂ ಸಂಶೋಧನಾ ವಿದ್ಯಾರ್ಥಿಗಳಿಗೂ ಇದನ್ನು ಬರೆಯುತ್ತಿದ್ದೇನೆ. ಕೋಟಿಗಟ್ಟಲೆ ಅನುದಾನ ಇರುವವರಿಗೆ ಇದು ಬೇಕಾಗಿಲ್ಲ.

ವಸ್ತು ಏನೆಂದು ಮೊದಲು ಹೇಳಿಬಿಡುತ್ತೇನೆ. ದಡದ ಕಟ್ಟಡವೊಂದರಿಂದ ಹೊರಟ ಕೇಬಲ್ ಸಮುದ್ರತಳದಲ್ಲಿ ಕೆಲವೇ ಕಿಲೋಮೀಟರಿನಿಂದ ನೂರಾರು ಕಿಲೋಮೀಟರ್ ತನಕ ಹೋಗುತ್ತದೆ. ಅದರಲ್ಲಿ ವಿದ್ಯುತ್ತೂ ಇಂಟರ್ನೆಟ್ಟೂ ಒಟ್ಟಿಗೆ ಹರಿಯುತ್ತವೆ. ಅಲ್ಲಲ್ಲಿ ಅವನ್ನು ಹಂಚುವ ನೋಡ್‌ಗಳು, ನೋಡಿನಿಂದ ಜಂಕ್ಷನ್ ಬಾಕ್ಸ್, ಬಾಕ್ಸಿನಿಂದ ಸೆನ್ಸರ್, ಕ್ಯಾಮೆರಾ, ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ಓಷನ್ ನೆಟ್‌ವರ್ಕ್ಸ್ ಕೆನಡಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ವೀನಸ್ ಜಾಲ 2006ರಲ್ಲಿ ಸಾನಿಚ್ ಇನ್ಲೆಟ್ ಎಂಬ ಕೊಲ್ಲಿಯಲ್ಲಿ ಶುರುವಾಯಿತು, ಆಳಕಡಲಿನ ನೆಪ್ಚೂನ್ ಜಾಲ 2009ರಲ್ಲಿ. ನೆಪ್ಚೂನಿನ ಕೇಬಲ್ 800 ಕಿ.ಮೀ.ಗೂ ಉದ್ದ, ಅದರ ಆಳದ ತಾಣಗಳು 2,600 ಮೀಟರಿಗಿಂತ ಕೆಳಗಿವೆ. ಅಮೆರಿಕದ ಓಷನ್ ಅಬ್ಸರ್ವೇಟರೀಸ್ ಇನಿಷಿಯೇಟಿವ್‌ಗೆ ಸೇರಿದ ಕೇಬಲ್ ಜಾಲವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯ ನಡೆಸುತ್ತದೆ. ಆಕ್ಸಿಯಲ್ ಎಂಬ ಕಡಲ ತಳದ ಜ್ವಾಲಾಮುಖಿ 2015ರ ಏಪ್ರಿಲಿನಲ್ಲಿ ಸಿಡಿದಾಗ ಈ ಜಾಲ ಕೂತಲ್ಲೇ ಕೇಳಿಸಿಕೊಂಡಿತ್ತು.

ಇಂಥದ್ದನ್ನು ಕಟ್ಟುವುದಕ್ಕಿಂತ ದೀರ್ಘಕಾಲ ಸಾಕುವುದು ದುಬಾರಿ. ಅಮೆರಿಕದ ಆ ಇಡೀ ಯೋಜನೆಯನ್ನು, ಅಂದರೆ ಕೇಬಲ್ ಇರುವುದೂ ಇಲ್ಲದ್ದೂ ಸೇರಿ, ಕಟ್ಟಲು ತಗಲಿದ್ದು 38.6 ಕೋಟಿ ಡಾಲರ್. 2018ರಲ್ಲಿ ಐದು ವರ್ಷ ನಡೆಸುವುದಕ್ಕೆಂದು ಕೊಟ್ಟದ್ದು 22 ಕೋಟಿ ಡಾಲರ್. ವರ್ಷಕ್ಕೆ 4.4 ಕೋಟಿ, ಕಟ್ಟಿದ ಖರ್ಚಿನ ನೂರಕ್ಕೆ ಹನ್ನೊಂದರಷ್ಟು, ಅದೂ ವರ್ಷವರ್ಷ. ನಿಮ್ಮ ಪುಟ್ಟ ಸೆನ್ಸರಿಗೂ ಇದೇ ಹಣೆಬರಹ. ಕೊಂಡದ್ದಕ್ಕೆ ಮುಗಿಯುವುದಿಲ್ಲ.

ಇರುವ ದತ್ತಾಂಶವನ್ನೇ ಬಳಸುವುದು

ಕೆನಡಾದ ಜಾಲದ ದತ್ತಾಂಶ ‘ಓಷನ್ಸ್ 3.0’ ಪೋರ್ಟಲಿನಲ್ಲಿ ಯಾರಿಗೂ ಸಿಗುತ್ತದೆ. ಒಂದು ಖಾತೆ ತೆರೆದರೆ ಸಾಕು, ದುಡ್ಡಿಲ್ಲ. ಪೈಥಾನಿನಿಂದ ನೇರ ಎಳೆದುಕೊಳ್ಳಬಹುದು. ಅಮೆರಿಕದ ಜಾಲದ್ದೂ ಹಾಗೆಯೇ. ಮೂಲದ ಹೆಸರನ್ನು ಸರಿಯಾಗಿ ಉಲ್ಲೇಖಿಸಬೇಕು, ಅಷ್ಟೆ.

ಕಾಸರಗೋಡಿನವರಿಗೆ ಕೆನಡಾದ ಕೊಲ್ಲಿಯ ನೀರು ಯಾಕೆ ಎಂದು ಪ್ರಸ್ತಾವನೆಯ ವಿಮರ್ಶಕರು ಕೇಳುತ್ತಾರೆ, ಕೇಳಲೇಬೇಕು. ಉತ್ತರ ಇದೆ. ಸಾನಿಚ್ ಕೊಲ್ಲಿಯ ಬಾಯಲ್ಲಿ ಎಪ್ಪತ್ತು ಮೀಟರ್ ಆಸುಪಾಸಿನಲ್ಲಿ ಒಂದು ದಿಬ್ಬ ಇದೆ. ಅದರಾಚೆಗಿನ ನೀರು ಒಳಗಿನ ಆಳಕ್ಕೆ ಸಲೀಸಾಗಿ ಬರುವುದಿಲ್ಲ, ಹಾಗಾಗಿ ತಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ ಹೋಗಿ ವರ್ಷದ ಬಹುಕಾಲ ಇಲ್ಲವೇ ಇಲ್ಲ ಎನ್ನುವ ಹಂತ ಮುಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ಕಾರಣ ಬೇರೆ. ಮಳೆಗಾಲದ ಗಾಳಿಗೆ ಮೇಲಿನ ನೀರು ಸರಿದು, ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯ ನೀರು ದಡದ ಕಡೆಗೆ ಏರಿ ಬರುತ್ತದೆ. ಕಾರಣ ಬೇರೆಯಾದರೂ ಸೆನ್ಸರ್ ಎದುರಿಸುವ ಕಷ್ಟ ಒಂದೇ, ವಿಶ್ಲೇಷಣೆಯ ವಿಧಾನವೂ ಹೆಚ್ಚುಕಡಿಮೆ ಒಂದೇ. ಅಲ್ಲಿನ ವರ್ಷಗಟ್ಟಲೆಯ ಎಡೆಬಿಡದ ದಾಖಲೆಯಲ್ಲಿ ಕೈ ಪಳಗಿದ ವಿದ್ಯಾರ್ಥಿ ಇಲ್ಲಿನ ಹರಕು ಮುರುಕು ದಾಖಲೆಯನ್ನು ಓದಬಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1997ರಿಂದ ಕ್ಯಾಂಡೋಲಿಮಿನ ಎದುರಿನ ಕಡಲಲ್ಲಿ ಇದೇ ಆಮ್ಲಜನಕದ ಏರಿಳಿತವನ್ನು ಹಿಂಬಾಲಿಸುತ್ತಿದೆ. ಎರಡನ್ನೂ ಎದುರುಬದುರು ಇಟ್ಟರೆ ಪ್ರಸ್ತಾವನೆಗೆ ಬೆನ್ನೆಲುಬು ಬರುತ್ತದೆ.

ಬಿಟ್ಟಿ ಎಂದರೆ ಬಜೆಟ್ ಸೊನ್ನೆ ಎಂದಲ್ಲ. ಖರ್ಚೆಲ್ಲ ಜನರ ಮೇಲೆ ಬೀಳುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000, ಹಿರಿಯ ಫೆಲೋ ಅಂದರೆ ಎಸ್‌ಆರ್‌ಎಫ್ 42,000 ರೂಪಾಯಿ. ಎರಡು ವರ್ಷ ಜೆಆರ್‌ಎಫ್, ಮೂರನೆಯ ವರ್ಷ ಎಸ್‌ಆರ್‌ಎಫ್ ಎಂದು ಹಿಡಿದರೆ ಮನೆಬಾಡಿಗೆ ಭತ್ಯೆ ಬಿಟ್ಟೇ 13,92,000 ಆಯಿತು. ಇದನ್ನು ಕಡಿತ ಮಾಡಿ ಉಪಕರಣಕ್ಕೆ ಹಾಕುವ ಆಸೆ ಬೇಡ. ದತ್ತಾಂಶ ಓದುವವನಿಲ್ಲದಿದ್ದರೆ ಅದು ಸರ್ವರಿನಲ್ಲಿ ಬಿದ್ದಿರುವ ಕಸ.

ಸಂಗ್ರಹದ ಖರ್ಚು ನೀರಿನ ತಾಪ, ಲವಣಾಂಶ, ಆಮ್ಲಜನಕ ಇಂಥವಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಹೈಡ್ರೋಫೋನಿಗೆ ಹೋದರೆ ಮಾತ್ರ ಎಚ್ಚರ. ಸೆಕೆಂಡಿಗೆ 64,000 ಸಲ, ಪ್ರತಿ ಸಲ 24 ಬಿಟ್ ಎಂದರೆ ಸೆಕೆಂಡಿಗೆ 1,92,000 ಬೈಟು, ದಿನಕ್ಕೆ ಸುಮಾರು 16.6 ಗಿಗಾಬೈಟು, ವರ್ಷಕ್ಕೆ ಆರು ಟೆರಾಬೈಟು. ಒಂದೇ ಹೈಡ್ರೋಫೋನಿನ ಲೆಕ್ಕ ಇದು. ಸೆಕೆಂಡಿಗೆ 50 ಮೆಗಾಬಿಟ್ ಓಡುವ ಲೈನಿನಲ್ಲಿ ಒಂದು ವರ್ಷದ ಸದ್ದನ್ನು ಇಳಿಸಿಕೊಳ್ಳಲು ಹಗಲುರಾತ್ರಿ ಸೇರಿ ಹನ್ನೊಂದು ದಿನ ಬೇಕು, ಅದೂ ಕರೆಂಟ್ ಹೋಗದಿದ್ದರೆ. ಗಂಟೆಗೆ ಐದು ನಿಮಿಷದ ತುಣುಕು ಸಾಕೇ ಎಂದು ಮೊದಲೇ ಯೋಚಿಸಿ, ಅಥವಾ ಸದ್ದನ್ನು ಚಿತ್ರವಾಗಿ ತೋರಿಸುವ ಸಿದ್ಧ ಸ್ಪೆಕ್ಟ್ರೋಗ್ರಾಮ್‌ಗಳಲ್ಲೇ ಮುಗಿಸಿ. ಇನ್ನೊಂದು ಮಾತು: ಆ ಕಡಲಲ್ಲಿ ಆಯಾ ನೌಕಾಪಡೆಗಳು ಬೇಕೆಂದಾಗ ಹೈಡ್ರೋಫೋನಿನ ದತ್ತಾಂಶವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತವೆ. ಹಾಗಾಗಿ ನಡುನಡುವೆ ಖಾಲಿ ಬರುತ್ತದೆ. ತಿಮಿಂಗಿಲ ಎಷ್ಟು ಸಲ ಕೂಗಿತು ಎಂದು ಎಣಿಸುವ ಕೆಲಸವಾದರೆ ಈ ಖಾಲಿಯನ್ನು ವಿಧಾನದ ಭಾಗದಲ್ಲೇ ಬರೆದುಬಿಡಿ.

ಆರ್ಗೋ ತೇಲುಯಂತ್ರಗಳ ದತ್ತಾಂಶವೂ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವುದೂ ಇದೇ ಗುಂಪಿಗೆ ಸೇರುತ್ತವೆ. ಆರ್ಗೋ ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬರುತ್ತದೆ. ತೆರೆದ ಕಡಲಿಗೆ ಚೆನ್ನ, ಕುಂಬಳೆಯ ಎದುರಿನ ಇಪ್ಪತ್ತು ಮೀಟರ್ ನೀರಿಗೆ ಅಲ್ಲ.

ಅಲ್ಲಿರುವ ಕ್ಯಾಮೆರಾವನ್ನೇ ನಮಗಾಗಿ ನಡೆಸಲು ಕೇಳುವುದು

ಈ ದಾರಿಯನ್ನು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ, ನನಗೆ ಅತಿ ಇಷ್ಟವಾದದ್ದು ಇದೇ. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಗೇಲ್ ಆ್ಯಂಡರ್ಸನ್ ಅಪರಾಧ ತನಿಖೆಗೆ ಬೇಕಾದ ಕೀಟಶಾಸ್ತ್ರದವರು, ಸಮುದ್ರ ವಿಜ್ಞಾನಿ ಅಲ್ಲ. ಕಡಲಿಗೆ ಬಿದ್ದ ಹೆಣ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ವೀನಸ್ ಜಾಲ ಶುರುವಾದ ಹೊಸತರಲ್ಲೇ, ಸಾನಿಚ್ ಕೊಲ್ಲಿಯಲ್ಲಿ ನೂರು ಮೀಟರಿಗಿಂತ ಸ್ವಲ್ಪ ಕಡಿಮೆ ಆಳದಲ್ಲಿ, ಕೇಬಲಿಗೆ ಕಟ್ಟಿದ ಕ್ಯಾಮೆರಾದ ಕೆಳಗೆ ಹಂದಿಯ ಕಳೇಬರ ಇಡಿಸಿದರು. ಪಕ್ಕದಲ್ಲೇ ಆಮ್ಲಜನಕ, ತಾಪ, ಲವಣಾಂಶದ ಸೆನ್ಸರುಗಳು ಮೊದಲೇ ಇದ್ದವು. ಕ್ಯಾಮೆರಾದ ಬೆಳಕು ಹೊತ್ತಿದಾಗೆಲ್ಲ ಏಡಿ, ಸೀಗಡಿ, ಸ್ಕ್ವಾಟ್ ಲಾಬ್‌ಸ್ಟರ್ ಮುತ್ತಿಕೊಂಡದ್ದು ಕಂಡಿತು. ಆಮ್ಲಜನಕ ತೀರಾ ಕಡಿಮೆಯಾದ ಸಮಯದಲ್ಲಿಟ್ಟ ಕಳೇಬರಕ್ಕೆ ದೊಡ್ಡ ಏಡಿಗಳು ಬರಲಾರದೆ ಹೋದವು. ಕಡಿಮೆ ಉಸಿರಲ್ಲೂ ಬದುಕುವ ಸಣ್ಣ ಲಾಬ್‌ಸ್ಟರುಗಳು ಸುತ್ತ ಇದ್ದವು, ಕಳೇಬರ ಮಾತ್ರ ಬಹಳ ಕಾಲ ಹಾಗೇ ಉಳಿಯಿತು.

ಬಜೆಟಿನ ಕಣ್ಣಿನಿಂದ ನೋಡಿ. ಕೇಬಲ್ ಅವರದಲ್ಲ, ನೋಡ್ ಅವರದಲ್ಲ, ಸೆನ್ಸರುಗಳು ಮೊದಲೇ ಇದ್ದವು. ಅವರು ತಂದದ್ದು ಒಂದು ಒಳ್ಳೆಯ ಪ್ರಶ್ನೆ, ಅದಕ್ಕೆ ಬೇಕಾದ ವಸ್ತು. ನಮ್ಮ ಪ್ರಶ್ನೆಯೂ ಹಾಗೆ ಇರಬಹುದೇ? ಒಂದು ಬಗೆಯ ಬಲೆಯ ನೂಲು, ಒಂದು ಜಾತಿಯ ಮರದ ತುಂಡು, ಬಣ್ಣ ಬಳಿದ ಲೋಹದ ತಗಡು ಕಡಲ ತಳದಲ್ಲಿ ಏನಾಗುತ್ತದೆ ಎಂಬಂಥದ್ದು? ವಸ್ತುವಿನ ಬೆಲೆ ಏನೂ ಅಲ್ಲ. ಇದಕ್ಕೆ ಬೇಕಾದದ್ದು ಆ ಕಡೆ ಒಬ್ಬ ಸಹ ಸಂಶೋಧಕ, ಒಂದು ಪತ್ರ, ಅವರ ಹಡಗು ನಿರ್ವಹಣೆಗೆಂದು ಹೇಗೂ ಹೋಗುವಾಗ ನಮ್ಮದನ್ನೂ ಇಳಿಸುವ ಒಪ್ಪಿಗೆ. ಬಜೆಟಿನಲ್ಲಿ ಸಾಗಣೆ, ಒಂದು ವಿದೇಶ ಪ್ರಯಾಣ, ವಿಡಿಯೋ ನೋಡಿ ಗುರುತು ಹಾಕುವ ವಿದ್ಯಾರ್ಥಿಯ ಸಂಬಳ. ಈ ಕೊನೆಯದನ್ನು ಕಡಿಮೆ ಅಂದಾಜು ಮಾಡಬೇಡಿ. ಕತ್ತಲೆ ನೀರಿನ ವಿಡಿಯೋ ನೋಡುತ್ತಾ ಕೂರುವುದು ಕಣ್ಣಿಗೂ ತಾಳ್ಮೆಗೂ ಪರೀಕ್ಷೆ.

ನಮ್ಮದೇ ಉಪಕರಣವನ್ನು ಕೇಬಲಿಗೆ ಜೋಡಿಸುವುದು

ಪ್ರಸ್ತಾವನೆಯಲ್ಲಿ ನೋಡಲು ಇದರಷ್ಟು ಚೆಂದದ್ದು ಬೇರೆ ಇಲ್ಲ. ಖರ್ಚಿನಲ್ಲಿ ಮೋಸ ಮಾಡುವುದೂ ಇದರಷ್ಟು ಬೇರೆ ಇಲ್ಲ.

ಸೆನ್ಸರ್ ಕೊಂಡಿರಿ ಎಂದಿಟ್ಟುಕೊಳ್ಳಿ. ಬ್ಯಾಟರಿಯಲ್ಲಿ ಓಡುವ ಸೆನ್ಸರ್ ಆದರೆ ಆಗುವುದಿಲ್ಲ, ಜಂಕ್ಷನ್ ಬಾಕ್ಸ್ ಕೊಡುವ ವೋಲ್ಟೇಜನ್ನು ಒಪ್ಪಿಕೊಂಡು, ಸೀರಿಯಲ್ ಅಥವಾ ಈಥರ್ನೆಟ್ ಮಾತಾಡುವಂತಿರಬೇಕು. ಅದಕ್ಕೆ ನೀರೊಳಗೇ ಸಿಕ್ಕಿಸಬಹುದಾದ ಕನೆಕ್ಟರ್ ಬೇಕು. ದಡದಲ್ಲಿ ಒಣಗಿಸಿ ಸಿಕ್ಕಿಸುವ ಕನೆಕ್ಟರ್ ಅಗ್ಗ. ಎರಡು ಸಾವಿರ ಮೀಟರ್ ಕೆಳಗೆ ರೋಬೋಟಿನ ಕೈ ಹಿಡಿದು ಸಿಕ್ಕಿಸುವಂಥದ್ದು ಒಂದು ಜೋಡಿಗೇ ಸಾವಿರಾರು ಡಾಲರ್, ಕೆಲವು ಸಲ ಸೆನ್ಸರಿಗಿಂತ ಹೆಚ್ಚು. ಆಮೇಲೆ ತುಕ್ಕು ಹಿಡಿಯದ ಚೌಕಟ್ಟು, ಕೇಬಲ್ ತುಂಡು, ಒತ್ತಡದ ಪರೀಕ್ಷೆ, ಉಪ್ಪುನೀರಿನ ತೊಟ್ಟಿಯಲ್ಲಿ ಪರೀಕ್ಷೆ. ನಿಮ್ಮ ಉಪಕರಣ ಸೋರಿದರೆ ಪಕ್ಕದವರ ವಿದ್ಯುತ್ತಿಗೂ ತೊಂದರೆ, ಹಾಗಾಗಿ ನಿರ್ವಾಹಕರು ಇದರಲ್ಲಿ ಸಡಿಲ ಬಿಡುವುದಿಲ್ಲ. ಬಿಡಬಾರದು ಕೂಡ. ಆಮೇಲೆ ಅವರ ಸಾಫ್ಟ್‌ವೇರಿಗೆ ನಿಮ್ಮ ಸೆನ್ಸರಿನ ಭಾಷೆ ಕಲಿಸುವ ಡ್ರೈವರ್, ಮೆಟಾಡೇಟಾ, ದತ್ತಾಂಶ ಸರಿಯಿದೆಯೇ ಎಂದು ನೋಡುವವರ ಸಮಯ. ಕೊನೆಗೆ ಹಡಗು ಮತ್ತು ರೋಬೋಟ್. ಆಳಕ್ಕೆ ಇಳಿಯುವ ರೋಬೋಟ್ ಇರುವ ಹಡಗಿನ ಒಂದು ದಿನಕ್ಕೆ ಹತ್ತಾರು ಸಾವಿರ ಡಾಲರ್. ಇಳಿಸಲು ಒಮ್ಮೆ, ಸೆನ್ಸರ್ ಬದಲಿಸಲು ಒಮ್ಮೆ, ಪ್ರಾಜೆಕ್ಟ್ ಮುಗಿದ ಮೇಲೆ ಎತ್ತಲು ಒಮ್ಮೆ. ಎತ್ತುವ ಖರ್ಚನ್ನು ಬರೆಯಲು ಬಹಳ ಮಂದಿ ಮರೆಯುತ್ತಾರೆ. ಅಷ್ಟರಲ್ಲಿ ಅನುದಾನದ ಅವಧಿಯೂ ಮುಗಿದಿರುತ್ತದೆ.

ಈಗ ನಮ್ಮ ಕಡೆಯ ಅಳತೆಗೆ ಇಳಿಸೋಣ. ಮೂರು ವರ್ಷಕ್ಕೆ 30 ಲಕ್ಷ ಸಿಕ್ಕಿತು ಎಂದುಕೊಳ್ಳಿ. ಸಂಶೋಧನಾ ವಿದ್ಯಾರ್ಥಿಗೆ ಭತ್ಯೆ ಸೇರಿ ಹದಿನೈದು ಲಕ್ಷ ದಾಟಿತು. ಸಂಸ್ಥೆಯ ಓವರ್‌ಹೆಡ್ ಮೂರು ಲಕ್ಷ ಹೋಯಿತು. ಪ್ರಯಾಣ, ಕಂಟಿಂಜೆನ್ಸಿ, ಸಣ್ಣಪುಟ್ಟದ್ದಕ್ಕೆ ಇನ್ನು ಮೂರು ತೆಗೆಯಿರಿ. ಕೈಯಲ್ಲಿ ಉಳಿದದ್ದು ಎಂಟೂವರೆ ಲಕ್ಷ ಚಿಲ್ಲರೆ, ಹತ್ತು ಸಾವಿರ ಡಾಲರ್ ಆಸುಪಾಸು. ಆ ಹಡಗಿನ ಒಂದು ದಿನಕ್ಕೂ ಅದು ಸಾಲದು. ಹಾಗಾದರೆ ಈ ದಾರಿ ನಮಗೆ ಮುಚ್ಚಿದೆಯೇ ಎಂದರೆ, ಒಂಟಿಯಾಗಿ ಹೋದರೆ ಮುಚ್ಚಿದೆ. ಅಲ್ಲಿನ ಸಂಶೋಧಕರೊಬ್ಬರು ತಮ್ಮ ಅನುದಾನದಲ್ಲಿ ಹಡಗನ್ನು ಹೊತ್ತು, ನಾವು ಸೆನ್ಸರನ್ನೋ ವಿಶ್ಲೇಷಣೆಯನ್ನೋ ಹೊತ್ತರೆ ತೆರೆದಿದೆ.

ಆಡಿಟಿನ ಒಂದು ತಮಾಷೆ ಇದೆ. ಕೇಂದ್ರದ ಹಣಕಾಸು ನಿಯಮಾವಳಿ, ಜಿಎಫ್‌ಆರ್ 2017, ಸ್ಥಿರಾಸ್ತಿಗಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಪರಿಶೀಲಿಸಬೇಕು ಎನ್ನುತ್ತದೆ. ಸ್ಟಾಕ್ ರಿಜಿಸ್ಟರ್ ಹಿಡಿದು ಬಂದವರಿಗೆ ‘ವಸ್ತು ಪೆಸಿಫಿಕ್ ಸಾಗರದ ತಳದಲ್ಲಿದೆ ಸಾರ್’ ಎಂದರೆ ಹೇಗಿರುತ್ತದೆ ಊಹಿಸಿ. ನಿರ್ವಾಹಕರಿಂದ ಸ್ವೀಕೃತಿ ಪತ್ರ, ಇಳಿಸಿದ ದಿನದ ವಿಡಿಯೋ ಚಿತ್ರ, ಸೀರಿಯಲ್ ನಂಬರ್ ಇವನ್ನೆಲ್ಲ ಫೈಲಿನಲ್ಲಿಟ್ಟು, ಇನ್‌ಸ್ಟಿಟ್ಯೂಟಿನ ಮುಖ್ಯಸ್ಥರ ಲಿಖಿತ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ವಿದೇಶಕ್ಕೆ ಸೇವಾಶುಲ್ಕ ಕಳಿಸುವಾಗ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ, ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆ, ಜಿಎಸ್‌ಟಿ ನಮ್ಮ ತಲೆಗೇ ಬರುವ ಸಾಧ್ಯತೆ, ಎಲ್ಲ ಇವೆ. ಫೈನಾನ್ಸ್ ವಿಭಾಗದವರ ಹತ್ತಿರ ಪ್ರಸ್ತಾವನೆ ಕಳಿಸುವ ಮೊದಲು ಹೋಗಿ ಕೂತು ಮಾತಾಡಿ. ಮಂಜೂರಾದ ಮೇಲೆ ಹೋದರೆ ಅವರೂ ಏನು ಮಾಡಿಯಾರು?

ಈ ದಾರಿ ಬೇಕೇ ಬೇಕು ಎನ್ನುವವರು ಆಳಕಡಲನ್ನು ಬಿಟ್ಟು ಸ್ಪೇನಿನ ಒಬ್ಸೀ ಕಡೆ ನೋಡಬಹುದು. ಕ್ಯಾಟಲೋನಿಯಾದ ವಿಲನೋವಾ ಪಟ್ಟಣದಿಂದ ನಾಲ್ಕು ಕಿ.ಮೀ. ದೂರದಲ್ಲಿ, ಇಪ್ಪತ್ತೇ ಮೀಟರ್ ಆಳದಲ್ಲಿ 2009ರಿಂದ ನಡೆಯುತ್ತಿರುವ ಕೇಬಲ್ ತಾಣ ಅದು. ಅಷ್ಟು ಆಳಕ್ಕೆ ರೋಬೋಟ್ ಬೇಡ, ಮುಳುಗುಗಾರರು ಸಾಕು. ಅಲ್ಲಿಗೆ ಖರ್ಚಿನ ಅತಿ ದೊಡ್ಡ ಅಂಕಿ ಕುಸಿದು ಬೀಳುತ್ತದೆ. ನಮ್ಮ ಕರಾವಳಿಯ ಆಳವೂ ಅದೇ ಮಟ್ಟದ್ದಾದ್ದರಿಂದ ಅಲ್ಲಿ ಪರೀಕ್ಷಿಸಿದ ಸೆನ್ಸರ್ ಇಲ್ಲಿಗೂ ಹೊಂದುತ್ತದೆ. ಅದು ಯೂರೋಪಿನ ಕಡಲ ವೀಕ್ಷಣಾಲಯಗಳ ಎಮ್ಸೋ ಒಕ್ಕೂಟದ ಭಾಗ. ಒಕ್ಕೂಟ ಹೊರಗಿನ ಬಳಕೆದಾರರಿಗೆ ಅರ್ಜಿ ಕರೆಯುವುದುಂಟು. ಕರೆ ಬಂದಾಗ ಭಾರತದವರಿಗೆ ಅರ್ಹತೆ ಇದೆಯೇ ಎಂಬ ಸಾಲನ್ನು ಮೊದಲು ಓದಿ.

ನಮ್ಮ ಕಡಲಲ್ಲೇ ಸ್ವಂತ ಲಾಗರ್

ಅಗ್ಗ ಎಂದು ತೋರುವುದು ಇದು. ಅಳತೆಯನ್ನು ತನ್ನಲ್ಲೇ ದಾಖಲಿಸಿಕೊಳ್ಳುವ ಬ್ಯಾಟರಿಯ ಸಣ್ಣ ಲಾಗರನ್ನು ಹಗ್ಗಕ್ಕೆ ಕಟ್ಟಿ, ಕೆಳಗೆ ಕಾಂಕ್ರೀಟ್ ತೂಕ, ಮೇಲೆ ತೇಲುಬುಂಡೆ. ಬೋಟಿನವರ ಸ್ನೇಹವಿದ್ದರೆ ಇಳಿಸಿ ಬರುವುದು ಅರ್ಧ ದಿನದ ಕೆಲಸ.

ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯಿ ಬೆಳೆಸುವ ಹಗ್ಗ ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಮಳೆಗಾಲ ಕಳೆದ ಮೇಲೆ ಬೀಜ ಕಟ್ಟಿ ಇಳಿಬಿಟ್ಟ ಬೆರಳು ದಪ್ಪದ ಹಗ್ಗ ಮುಂದಿನ ಮಳೆಯೊಳಗೆ ತೋಳು ದಪ್ಪವಾಗಿ ಮೇಲೆ ಬರುತ್ತದೆ. ನಿಮ್ಮ ಲಾಗರಿನ ಹಗ್ಗವೂ ಅದೇ ಬಿಸಿ ನೀರಿನಲ್ಲಿರುತ್ತದೆ. ಆಮ್ಲಜನಕದ ಸೆನ್ಸರಿನ ಮುಖದ ಮೇಲೆ ಪಾಚಿಯ ಪದರ ಕಟ್ಟಿದರೆ ಅದು ಅಳೆಯುವುದು ಕಡಲನ್ನಲ್ಲ, ಆ ಪಾಚಿಯ ಉಸಿರನ್ನು. ಹಗಲು ಏರಿಕೆ, ರಾತ್ರಿ ಇಳಿಕೆ, ಗ್ರಾಫ್ ನೋಡಲು ಚೆಂದವೇ. ತಣ್ಣನೆಯ ಕತ್ತಲ ಆಳದಲ್ಲಿ ವರ್ಷಕ್ಕೊಮ್ಮೆ ಸಾಕಾಗುವ ಶುಚಿ ಇಲ್ಲಿ ಎರಡು ಮೂರು ವಾರಕ್ಕೊಮ್ಮೆ ಬೇಕು. ಪ್ರತಿ ಸಲ ಬೋಟಿನ ಬಾಡಿಗೆ, ಡೀಸೆಲ್, ಜನ. ಜೊತೆಗೆ ನೀರಿನ ಮಾದರಿ ತಂದು ವಿಂಕ್ಲರ್ ಎಂಬ ರಾಸಾಯನಿಕ ವಿಧಾನದಲ್ಲಿ ಆಮ್ಲಜನಕ ಅಳೆದು ತಾಳೆ ನೋಡಬೇಕು.

ಇನ್ನು ಮಳೆಗಾಲ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ 52 ದಿನ, ಕರ್ನಾಟಕದಲ್ಲಿ ಜೂನ್ 1ರಿಂದಲೇ 61 ದಿನ. ಮಂಜೇಶ್ವರದ ಆಚೆಗೊಂದು ಕಾನೂನು ಈಚೆಗೊಂದು. ನಿಷೇಧ ದೊಡ್ಡ ಬೋಟುಗಳಿಗೆ, ಸಣ್ಣ ದೋಣಿಯವರು ಹೋಗುತ್ತಾರೆ ನಿಜ, ಆದರೆ ಆಟಿಯ ತೆರೆಯಲ್ಲಿ ಅಳಿವೆ ದಾಟಿಸಿ ನಿಮ್ಮ ಲಾಗರ್ ತೊಳೆಸಿಕೊಂಡು ಬನ್ನಿ ಎಂದು ಕೇಳುವುದು ಅನ್ಯಾಯ. ಆಮ್ಲಜನಕ ಕಡಿಮೆಯ ನೀರು ದಡಕ್ಕೆ ಏರುವುದೂ ಅದೇ ತಿಂಗಳುಗಳಲ್ಲಿ. ನಮಗೆ ಅತ್ಯಗತ್ಯವಾದ ಹೊತ್ತಿಗೆ ಉಪಕರಣದ ಹತ್ತಿರ ಹೋಗಲಾಗದು. ಕೇಬಲ್ ವೀಕ್ಷಣಾಲಯದ ನಿಜವಾದ ಬೆಲೆ ಇಲ್ಲಿ ಗೊತ್ತಾಗುತ್ತದೆ. ಅದಕ್ಕೆ ಬಿರುಗಾಳಿಯೂ ಒಂದೇ, ಬಿಸಿಲೂ ಒಂದೇ.

ಹಾಗಿದ್ದರೂ ಈ ದಾರಿಯನ್ನು ತಳ್ಳಿಹಾಕುವುದಿಲ್ಲ, ಬೂತಾಯಿ ಮೀನು ಬಂತೇ ಬರಲಿಲ್ಲವೇ ಎಂಬ ನಮ್ಮೂರಿನ ಪ್ರಶ್ನೆಗೆ ಕೆನಡಾದ ನೀರು ಉತ್ತರ ಕೊಡುವುದಿಲ್ಲವಲ್ಲ. ಒಂದರ ಬದಲು ಮೂರು ಅಗ್ಗದ ಲಾಗರ್ ತೆಗೆದುಕೊಳ್ಳಿ, ಒಂದು ಬಲೆಗೆ ಸಿಕ್ಕಿ ಹೋಗುತ್ತದೆ ಎಂದೇ ಲೆಕ್ಕ ಹಾಕಿ. ತೇಲುಬುಂಡೆಯ ಮೇಲೆ ಮಲಯಾಳದಲ್ಲೂ ಕನ್ನಡದಲ್ಲೂ ಇದು ಏನೆಂದು ಬರೆಸಿ. ಅದಕ್ಕಿಂತ ಮುಖ್ಯವಾಗಿ, ಇಳಿಸುವ ಮೊದಲು ಕಸಬ ಕಡಪ್ಪುರದಲ್ಲೋ ಮಂಜೇಶ್ವರದ ಬಂದರಿನಲ್ಲೋ ಮೀನುಗಾರರ ಜೊತೆ ಕೂತು ಜಾಗ ನಿಶ್ಚಯಿಸಿ. ಅವರು ‘ಅಲ್ಲಿ ಬೇಡ, ಅಲ್ಲಿ ಬಲೆ ಎಳೆಯುತ್ತೇವೆ’ ಎಂದರೆ ಅಲ್ಲಿ ಬೇಡ.

ನಾನಾದರೆ

ಮೊದಲ ಅನುದಾನವಾದರೆ ಬಿಟ್ಟಿ ದತ್ತಾಂಶ, ಒಬ್ಬ ಒಳ್ಳೆಯ ವಿದ್ಯಾರ್ಥಿ, ಅಕ್ಟೋಬರಿನಿಂದ ಮೇ ತನಕ ಇಲ್ಲಿ ಲಾಗರ್. ಮೇಲಿನ ಎಂಟೂವರೆ ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೋಟಿಗೂ ತೊಳೆಯುವ ಕೆಲಸಕ್ಕೂ ಇಟ್ಟು, ಉಳಿದದ್ದರಲ್ಲಿ ಸೆನ್ಸರ್ ಕೊಳ್ಳುತ್ತೇನೆ. ನಮ್ಮ ರೂಢಿಗೆ ಇದು ತಲೆಕೆಳಗು. ಎರಡನೆಯ ಅನುದಾನದ ಹೊತ್ತಿಗೆ ಆ ಕಡೆ ಪರಿಚಯ ಬೆಳೆದಿದ್ದರೆ ಕ್ಯಾಮೆರಾ ಕೇಳುವ ದಾರಿ. ಸ್ವಂತ ಉಪಕರಣವನ್ನು ಕೇಬಲಿಗೆ ಜೋಡಿಸುವುದು ಜೊತೆಗಾರ ಸಿಕ್ಕರೆ ಮಾತ್ರ.

ಕೇಬಲಿನ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ನಿರ್ವಾಹಕರಿಗೆ ಮೊದಲು ಬರೆಯಿರಿ, ಪ್ರಸ್ತಾವನೆಯನ್ನು ಆಮೇಲೆ. ಏನು ಅಳೆಯಬೇಕು, ಎಷ್ಟು ವಿದ್ಯುತ್ ಬೇಕು, ಎಷ್ಟು ದತ್ತಾಂಶ ಬರುತ್ತದೆ, ಎಷ್ಟು ಕಾಲ ಇರಬೇಕು ಎಂಬ ನಾಲ್ಕು ಸಾಲು ಇದ್ದರೆ ಅವರು ಆಗುತ್ತದೋ ಇಲ್ಲವೋ ಎಂದೂ ಖರ್ಚಿನ ಅಂದಾಜನ್ನೂ ಹೇಳಬಲ್ಲರು. ಆ ಪತ್ರವನ್ನೇ ಪ್ರಸ್ತಾವನೆಗೆ ಲಗತ್ತಿಸಿ. ಹಡಗುಗಳು ಅಲ್ಲಿ ಹೋಗುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಅಂದರೆ ನಮ್ಮ ಮಳೆಗಾಲದಲ್ಲಿ, ಉಪಕರಣ ಪರೀಕ್ಷೆಗೆಂದು ಅದಕ್ಕೂ ತಿಂಗಳುಗಳ ಮೊದಲು ಅಲ್ಲಿರಬೇಕು. ನಮ್ಮ ಕಂತು ಏಪ್ರಿಲ್ ಕಳೆದು, ಹಿಂದಿನ ವರ್ಷದ ಯುಟಿಲೈಸೇಷನ್ ಸರ್ಟಿಫಿಕೇಟ್ ಹೋಗಿ, ಆಮೇಲೆ ಬರುತ್ತದೆ. ಆ ವರ್ಷದ ಹಡಗು ಅಷ್ಟರಲ್ಲಿ ಹೊರಟಿರುತ್ತದೆ. ಹಾಗಾಗಿ ಮೂರು ವರ್ಷದ ಯೋಜನೆಯಲ್ಲಿ ಉಪಕರಣ ನೀರಿಗಿಳಿಯುವುದು ಎರಡನೆಯ ವರ್ಷದಲ್ಲಿ ಎಂದೇ ಬರೆಯಿರಿ, ಮೊದಲ ವರ್ಷಕ್ಕೆ ವಿದ್ಯಾರ್ಥಿಗೆ ಓದಲು ಹಳೆಯ ದತ್ತಾಂಶ ಹೇಗೂ ಇದೆ.